ಕಲ್ಲಾಮೆಯ ಬಾಯಿ, ಕೊನೆಯ ಗೂಡು

ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಸ್ಮರಣಾವತಿ ಎಂಬ ರಾಜ್ಯವಿತ್ತು. ಅಲ್ಲಿನವರ ನೆನಪುಗಳೆಲ್ಲ ಕುಡಿಕೆಗಳಲ್ಲಿ ತುಂಬಿ ಅರಮನೆಯ ಗೋಡೆಗೂಡುಗಳಲ್ಲಿ ಇರುತ್ತಿದ್ದವು. ಹುಟ್ಟಿದ ಕೂಸಿಗೆ ಒಂದು ಗೂಡು ಸಿಗಬೇಕು. ಸಿಗದಿದ್ದರೆ ಅದು ಅಳುವುದಿಲ್ಲ, ಹೊತ್ತು ಮುಳುಗುವಾಗ ಕಲ್ಲಾಗುತ್ತದೆ.

ಗೂಡುಗಳ ಕಾವಲುಗಾತಿ ಕೆಂಚವ್ವ. ಯಾರೂ ನೆನೆಯದೆ ದೂಳು ಹಿಡಿದ ಕುಡಿಕೆಯನ್ನು ಬೆಟ್ಟದ ಗವಿಗೆ ಹೊತ್ತು ಗೂಡು ತೆರವು ಮಾಡುವುದು ಅವಳ ಕೆಲಸ. ಹೋಗಿ ಬರಲು ಅರ್ಧ ದಿನ. ಗವಿಯ ಬಾಗಿಲಿಗೆ ಒಂದು ಕಲ್ಲಾಮೆ ಕಾವಲು. ‘ಒಂದು ಕುಡಿಕೆ, ಒಂದು ನಡಿಗೆ’ ಎಂಬುದು ಹಿರಿಯರ ಕಟ್ಟಳೆ. ಕಟ್ಟಳೆ ಮಾಡಿದವರು ಬೆಟ್ಟ ಹತ್ತಿದವರಲ್ಲ, ಬಿಡಿ.

ಜನರ ಕಾಯುವಿಕೆಯನ್ನೇ ಉಂಡು ಕೊಬ್ಬಿದ ವಿಳಂಬಾಕ್ಷನೆಂಬ ಮಾಂತ್ರಿಕ ಅರಮನೆಯ ಬಾಗಿಲಲ್ಲೇ ಕೂತಿದ್ದ.

ಒಂದು ಬೆಳಗ್ಗೆ ಹತ್ತು ಕೂಸುಗಳು ಹುಟ್ಟಿದವು. ಗೂಡು ಒಂದೂ ಖಾಲಿಯಿಲ್ಲ. ಹತ್ತನೆಯದು ಕೆಂಚವ್ವನ ಮಗಳ ಕೂಸು. ಕಾವಲುಗಾತಿಯ ಮನೆಯವರ ಸರದಿ ಕೊನೆಗೇ.

ದೂಳು ಹಿಡಿದ ಕುಡಿಕೆಗಳು ಒಂಬತ್ತಿದ್ದವು. ಕೆಂಚವ್ವ ಕಟ್ಟಳೆ ಮುರಿದು ನಾಲ್ಕನ್ನು ಒಂದೇ ಬುಟ್ಟಿಗೆ ಹಾಕಿ ಬೆಟ್ಟ ಹತ್ತಿದಳು.

“ಆಮೆಯಪ್ಪಾ, ಒಂದೇ ಸಲಕ್ಕೆ ನಾಲ್ಕೂ ಒಳಗೆ ಬಿಡ್ತೀಯಾ?”

“ಬಿಡ್ತೀನಿ ತಾಯಿ. ನೂರು ವರ್ಷದಿಂದ ಯಾರೂ ಕೇಳಲೇ ಇಲ್ಲ.”

ಒಳಗೆ ಹೋದವಳು ಬೆರಗಾದಳು. ಅರಮನೆಯಲ್ಲಿ ಉಳಿದ ಐದು ಕುಡಿಕೆಗಳ ಅವಳಿಗಳು ಅಲ್ಲೇ ಇದ್ದವು. ಅರಮನೆಯಲ್ಲಿದ್ದವು ಹಿಂದೊಮ್ಮೆ ಯಾರೋ ಗವಿಯಿಂದ ತರಿಸಿಕೊಂಡ ಪಡಿಯಚ್ಚುಗಳು, ಮೂಲ ಗವಿಯಲ್ಲೇ ಉಳಿದಿತ್ತು. ಒಂದು ಹನಿಯೂ ಬದಲಾಗಿರಲಿಲ್ಲ. ಮತ್ತೆ ಹೊರುವುದೇಕೆ? ಇಳಿದು ಬಂದು ಆ ಐದನ್ನೂ ಚೆಲ್ಲಿ ಗೂಡು ತೆರವು ಮಾಡಿದಳು. ಒಂಬತ್ತು ಕೂಸುಗಳು ಅತ್ತವು. ಕಾಯುವವರು ಕಡಿಮೆಯಾಗಿ ಮಾಂತ್ರಿಕ ಸೊರಗಿ ಬರೀ ಮೂಳೆಯಾದ.

ಇನ್ನು ಒಂದು ಗೂಡು ಬೇಕು.

ಒಂದು ಕುಡಿಕೆ ಮಾತ್ರ ಫಳಫಳ ಹೊಳೆಯುತ್ತಿತ್ತು. ಅದು ಕೆಂಚವ್ವನ ಗಂಡ ದ್ಯಾವಣ್ಣನದು. ಸತ್ತವರ ಕುಡಿಕೆಯನ್ನು ಹನ್ನೊಂದನೆಯ ದಿನ ತೊಳೆಯಬೇಕು. ಗವಿ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಊರವರದನ್ನೆಲ್ಲ ತೊಳೆದವಳು ಇದೊಂದನ್ನು ಹನ್ನೆರಡು ವರ್ಷ ದಿನವೂ ಒರೆಸಿ ಇಟ್ಟಿದ್ದಳು. ದೂಳಿಲ್ಲದ್ದನ್ನು ಯಾರು ಕೇಳುತ್ತಾರೆ?

“ತೊಳೆದರೆ ಅವನ ದನಿ ಹೋಗುತ್ತದೆ. ಇನ್ನೊಂದಿಷ್ಟು ಕಾಯಿ,” ಎಂದ ಮಾಂತ್ರಿಕ.

“ಅವ್ವಾ, ಕೂಸಿನ ಪಾದ ಕಲ್ಲಾಗ್ತಿದೆ!” ಎಂದಳು ಮಗಳು.

ಕೆಂಚವ್ವ ಕುಡಿಕೆಯನ್ನು ಕಿವಿಗಿಟ್ಟುಕೊಂಡಳು. ದಿನಾ ಸಂಜೆ ದ್ಯಾವಣ್ಣ ಹೇಳುತ್ತಿದ್ದದ್ದೇ ಕೇಳಿಸಿತು: “ಕೆಂಚೀ, ಬಾಗಿಲು ಹಾಕ್ಕೊಂಡ್ಯಾ?”

ಇನ್ನೊಂದು ಸಲ ಕೇಳಿಸಿಕೊಂಡಳು. ಆದರೂ ತೊಳೆದಳು.

ಕೂಸು ಅತ್ತಿತು. ಕಾಯುವವರಿಲ್ಲದೆ ಮಾಂತ್ರಿಕ ಬೂದಿಯಾಗಿ ಉದುರಿದ. ಅಂದಿನಿಂದ ಆ ರಾಜ್ಯದಲ್ಲಿ ಯಾವ ಕೂಸೂ ಕಲ್ಲಾಗಲಿಲ್ಲ, ಎಲ್ಲರೂ ಉಂಡುಟ್ಟು ಸುಖವಾಗಿದ್ದರು.

ಗಂಡನ ಕುಡಿಕೆ ಹೋಯಿತು, ಅವನನ್ನು ನೆನೆಯುವ ಅವಳ ಕುಡಿಕೆ ಉಳಿಯಿತು. ಸಂಜೆಯಾದರೆ ಕೆಂಚವ್ವ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲ ಅಗುಳಿ ಹಾಕುತ್ತಾಳೆ. ಯಾರೂ ಕೇಳದಿದ್ದರೂ ಹೇಳುತ್ತಾಳೆ: “ಹಾಕ್ಕೊಂಡೆ.”