ಅಜ್ಜನ ವಾಚಿನ ಮುಚ್ಚಳ

ಆ ಮನೆಯಲ್ಲಿ ಟೂತ್‌ಪೇಸ್ಟ್ ಇಬ್ಭಾಗವಾದ ದಿನವನ್ನು ಯಾವ ಚರಿತ್ರೆಕಾರನೂ ಬರೆದಿಟ್ಟಿಲ್ಲ, ಬರೆದಿಡಬೇಕಿತ್ತು. ಒಂದನೇ ತಾರೀಖು, ಬೆಳಗ್ಗೆ ಏಳು ಗಂಟೆ. ರಿಟೈರ್ಡ್ ಹೆಡ್‌ಮಾಸ್ಟರಾದ ಅಪ್ಪ ಬಚ್ಚಲಿನ ಬಾಗಿಲಲ್ಲಿ ನಿಂತು, ಇಪ್ಪತ್ತಾರು ವರ್ಷದ ಮಗನ ಕೈಗೆ ಹೊಸ ಟ್ಯೂಬೊಂದನ್ನು ಇಟ್ಟರು.

“ಇದು ನಿಂದು. ಬಿಲ್ಲೂ ನಿಂದೇ. ಬೈಕಿನ ಕಂತು, ಫೋನಿನ ಕಂತು, ಆ ಕಾರ್ಡಿನ ಬಡ್ಡಿ, ಇವತ್ತಿಂದ ಎಲ್ಲಾ ನಿಂದೇ. ನಾಲ್ಕು ವರ್ಷ ನಾನು ಕಟ್ಟಿದ್ದು ಸಾಕು.”

“ಪೇಸ್ಟ್ ಬೇರೆ ಆಯ್ತಲ್ಲ, ಒಲೇನೂ ಬೇರೆ ಮಾಡ್ಬಿಡಿ,” ಎಂದಳು ಅಮ್ಮ ಅಡುಗೆಮನೆಯಿಂದ.

“ನೀನು ಸುಮ್ನಿರು. ಲೋ, ಸಾಲ ಪೂರ್ತಿ ತೀರಿಸಿದ ದಿನ ನಿಮ್ಮಜ್ಜನ ವಾಚು ನಿಂಗೆ. ಅಲ್ಲೀವರೆಗೂ ಅದನ್ನ ಮುಟ್ಟೋ ಯೋಗ್ಯತೆ ನಿಂಗಿಲ್ಲ.”

ಮಗನಿಗೆ ಮೈ ಉರಿದದ್ದು ಟ್ಯೂಬಿಗಲ್ಲ, ಯೋಗ್ಯತೆಗೆ. ಅವನ ಕಸುಬೇ ವಾಚ್ ರಿಪೇರಿ. ಊರವರ ವಾಚುಗಳನ್ನೆಲ್ಲ ಬಿಚ್ಚಿ ಜೋಡಿಸುವ ಕೈ ಮನೆಯ ವಾಚಿಗೆ ಮಾತ್ರ ಮೈಲಿಗೆ. ವರ್ಷಕ್ಕೊಮ್ಮೆ ಅಪ್ಪ ಅದನ್ನು ಅವನು ಕೆಲಸ ಮಾಡುವ ಅಂಗಡಿಗೇ ತರುತ್ತಿದ್ದರು. ಅವನ ಮೇಜನ್ನು ಕಂಬ ದಾಟಿದ ಹಾಗೆ ದಾಟಿ, ಒಳಗೆ ಕೂತ ಯಜಮಾನರ ಕೈಗೆ ಕೊಡುತ್ತಿದ್ದರು. ದಪ್ಪ ಚಿನ್ನದ ಕವಚದ ಜೇಬುಗಡಿಯಾರ. ಆ ಕವಚವೊಂದನ್ನೇ ಕರಗಿಸಿದರೆ ಬೈಕು, ಫೋನು, ಕಾರ್ಡು ಮೂರೂ ಬಾಯಿ ಮುಚ್ಚುತ್ತವೆ. ತನ್ನ ಸಾಲದ ಹೊಣೆಯನ್ನು ತಾನೇ ಹೊರುವುದಕ್ಕೆ ಅವನು ಆ ಕ್ಷಣವೇ ಒಪ್ಪಿಬಿಟ್ಟ.

ಅವಸರ ಮಾಡಲಿಲ್ಲ. ಅವಸರ ದಡ್ಡರ ಗುಣ. ಗುಜರಿಯವನೊಬ್ಬನ ಹತ್ತಿರ ಅದೇ ಕಂಪನಿಯ, ಅದೇ ಅಳತೆಯ, ಇನ್ನೂ ದಪ್ಪನೆಯ ಬೆಳ್ಳಿ ಕವಚ ಸಿಗುವವರೆಗೆ ಏಳು ವಾರ ಕಾದ. ಹಿತ್ತಾಳೆ ಹಗುರ, ಅಪ್ಪನ ಅಂಗೈಗೆ ಗೊತ್ತಾಗುತ್ತದೆ. ದಪ್ಪ ಬೆಳ್ಳಿಯಾದರೆ ತೂಕ ಹೆಚ್ಚುಕಮ್ಮಿ ಸರಿಹೋಗುತ್ತದೆ. ಅದಕ್ಕೆ ಚಿನ್ನದ ನೀರು ಕುಡಿಸುವುದು ಅರ್ಧ ಗಂಟೆಯ ಕೆಲಸ.

ಬೇರೆ ಕಳ್ಳನಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಸಿಕ್ಕಿಬೀಳುತ್ತಿದ್ದ. ರಿಪೇರಿಯವರದೊಂದು ಪದ್ಧತಿಯಿದೆ: ವಾಚನ್ನು ಮುಚ್ಚುವ ಮುಂಚೆ ಮುಚ್ಚಳದ ಒಳಮೈಯಲ್ಲಿ ತಮ್ಮ ಗುರುತನ್ನೂ ತಾರೀಖನ್ನೂ ಸೂಜಿಯಿಂದ ಗೀರುತ್ತಾರೆ. ಯಜಮಾನರು ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು ಅದನ್ನೇ, ಗೆಣ್ಣಿಗೆ ಅಡಿಕೋಲಿನಿಂದ ಬಾರಿಸಿ. ಅಜ್ಜನ ಮುಚ್ಚಳದಲ್ಲಿ ಅಂಥ ಗೀರು ಹದಿನೇಳಿದ್ದವು. ಯಜಮಾನರು ಅವನ್ನು ಮಗ್ಗಿಯ ಹಾಗೆ ಓದಬಲ್ಲವರು.

ಅಪ್ಪ ಅಮ್ಮ ಕಣ್ಣಾಸ್ಪತ್ರೆಗೆ ಹೋದ ಬುಧವಾರ ಅವನು ರಜೆ ಹಾಕಿದ. ವಾಚಿದ್ದ ಬೀರುವಿನ ಕೀಲಿ ಅಪ್ಪನ ಶೇವಿಂಗ್ ಡಬ್ಬಿಯಲ್ಲಿತ್ತು. ಹದಿನೇಳು ಗೀರುಗಳನ್ನೂ ಬೆಳ್ಳಿಯ ಮುಚ್ಚಳಕ್ಕೆ ಒಂದೊಂದಾಗಿ ಇಳಿಸಿದ. ಹಳೇ ರಿಪೇರಿಯವರೊಬ್ಬರ ಸೊಟ್ಟ ಕೈಬರಹವನ್ನೂ ಬಿಡಲಿಲ್ಲ. ಗೀರಿದ ಮೇಲೆಯೇ ಚಿನ್ನದ ನೀರು. ಮೊದಲೇ ಕುಡಿಸಿ ಆಮೇಲೆ ಗೀರಿದರೆ ಬೆಳ್ಳಿ ಹಲ್ಲು ಕಿರಿಯುತ್ತದೆ. ಯಂತ್ರವನ್ನು ಒಳಗೆ ಕೂರಿಸಿ, ಎಣ್ಣೆ ಬಿಟ್ಟು, ಎಂದಿನಂತೆ ಮುಗಿಸಿ ಮುಚ್ಚಿದ. ಸಂಜೆಯೊಳಗೆ ಬೇರೆ ಊರಿನ ಕುಲುಮೆಯಲ್ಲಿ ಅಜ್ಜ ಕರಗಿದ್ದ.

ಸಾಲವನ್ನು ಒಂದೇ ಸಲ ತೀರಿಸಿದರೆ ಅನುಮಾನ. ಐದು ತಿಂಗಳು, ಐದು ಪಾಲು. ಮಧ್ಯೆ ಮಧ್ಯೆ “ಓವರ್‌ಟೈಮು” ಎಂದು ಸೊಂಟ ಹಿಡಿದುಕೊಂಡು ನರಳುವುದು. ಕೊನೆಗೆ ರಸೀದಿಗಳನ್ನು ಅಪ್ಪನ ಕಾಫಿ ಲೋಟದ ಪಕ್ಕ ಇಟ್ಟ. ಅಪ್ಪ ಎಲ್ಲವನ್ನೂ ಎರಡು ಸಲ ಓದಿದರು, ತಪ್ಪು ಸಿಗಲಿಲ್ಲ.

“ಪರವಾಗಿಲ್ವೇ. ನೀನು ಹಾಳಾಗ್ಹೋದೆ ಅಂತಲೇ ಅಂದ್ಕೊಂಡಿದ್ದೆ.”

“ನಿಮ್ಮ ಆಶೀರ್ವಾದ,” ಎಂದ ಮಗ, ಹಲ್ಲು ಕಚ್ಚಿ.

ಮಾರನೇ ದಿನ ಮಧ್ಯಾಹ್ನ ಅಪ್ಪ ಅಂಗಡಿಗೆ ಬಂದರು. ಈ ಸಲ ಮೇಜನ್ನು ದಾಟಲಿಲ್ಲ. ವಾಚನ್ನು ಮಗನ ಮುಂದೆಯೇ ಇಟ್ಟರು.

“ತಗೋ. ಇನ್ಮೇಲೆ ನಿಂದು. ಯಜಮಾನ್ರೆ, ಬನ್ನಿ ಇಲ್ಲಿ. ಇವನೇ ಬಿಚ್ಲಿ, ನೀವು ನೋಡಿ.”

ತನ್ನ ವಾಚನ್ನೇ ತಾನು ಕದ್ದೆನೆಂಬುದು ಅವನಿಗೆ ಚುಚ್ಚಿತು, ನಿಜ. ಆದರೆ ಹದಿನೇಳು ಗೀರುಗಳ ಮೇಲೆ ಭರವಸೆಯಿತ್ತು. ಮುಚ್ಚಳ ತೆಗೆದು ಯಜಮಾನರಿಗೆ ಧಾರಾಳವಾಗಿ ಚಾಚಿದ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು.

“ಹದಿನೈದು… ಹದಿನಾರು… ಹದಿನೇಳು, ಇದು ನಂದು, ಹೋದ ವರ್ಷದ್ದು.” ತಲೆದೂಗಿದರು. ಆಮೇಲೆ ಮುಚ್ಚಳವನ್ನು ಬೆಳಕಿಗೆ ವಾಲಿಸಿದರು. “ಹದಿನೆಂಟು. ಇದು ನಿನ್ನ ಗುರುತು ಕಣೋ. ತಾರೀಖೂ ಹಾಕಿದ್ದೀಯ, ಐದು ತಿಂಗಳ ಹಿಂದಿನದು.” ಹದಿನೇಳು ಗೀರುಗಳು ಹಳದಿಯಾಗಿದ್ದವು. ಆ ಬುಧವಾರ ಎಲ್ಲ ಮುಗಿಸಿ ಮುಚ್ಚುವ ಮುಂಚೆ, ಗೆಣ್ಣಿಗೆ ಪೆಟ್ಟು ತಿಂದು ಕಲಿತ ಕೈ ತಲೆಯನ್ನು ಕೇಳದೆ ಗೀರಿದ ಹದಿನೆಂಟನೆಯದು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಪ್ಪ ಅಂಗಡಿಯ ಫೋನನ್ನು ಎಳೆದುಕೊಂಡರು. ಪೊಲೀಸರು ನಾಲ್ಕೂವರೆಗೆ ಬಂದರು.