ಪಕ್ಕದ ಲೇಥ್

"ನಿನ್ನ ಭಿಕ್ಷೆ ನನಗೆ ಬೇಡ!"

ಮೇಜಿನ ಮೇಲೆ ಕಂಡ ಅವನ ಅರ್ಜಿಯನ್ನು ಅವಳು ಅವನ ಕೈಗೇ ತುರುಕಿದಳು. ವರ್ಕ್‌ಶಾಪಿನ ಮೋಟಾರುಗಳು ಆಗಷ್ಟೇ ನಿಂತಿದ್ದವು. ಅವಳ ಮಾತು ಗೋಡೆಗೆ ಬಡಿದು ವಾಪಸು ಬಂತು.

ಈ ಸಂಜೆ ಕಾಲೇಜಿನಲ್ಲಿ ಒಂದು ವರ್ಷದಿಂದ ಇಬ್ಬರೂ ಅಕ್ಕಪಕ್ಕದ ಲೇಥ್‌ಗಳಲ್ಲಿ ಕಬ್ಬಿಣ ಕಡೆಯುತ್ತಿದ್ದರು. ಗೆಳೆಯರಿಗೆ ಅವಳು 'ಲೇಥ್ ರಾಣಿ'. ನೋಟ್‌ಬುಕ್ ತುಂಬ ಯಂತ್ರಗಳ ಚಿತ್ರ ಬರೆಯುವ ಅವನು 'ಚಿತ್ರಗುಪ್ತ'. ಮುಂದಿನ ವರ್ಷ ಉಪಕರಣ ತಯಾರಿಸಲು ಕಲಿಸುವ ಟೂಲ್‌ಮೇಕಿಂಗ್ ತರಗತಿಗೆ ಉಳಿದಿದ್ದು ಒಂದೇ ಸೀಟು, ಪೈಪೋಟಿಗೆ ಇವರಿಬ್ಬರೇ. ಅರ್ಜಿ ಕೊಡಲು ಇವತ್ತೇ ಕೊನೆ. ಆದರೆ ಅವನು ತನ್ನ ಅರ್ಜಿಯಲ್ಲಿ 'ಟೂಲ್‌ಮೇಕಿಂಗ್' ಎಂಬುದನ್ನು ಹೊಡೆದುಹಾಕಿ, 'ಡ್ರಾಯಿಂಗ್ ವಿಭಾಗ' ಎಂದು ಬರೆದಿದ್ದ!

'ಪಾಪ, ಹುಡುಗಿ... ಬಿಟ್ಟುಕೊಡೋಣ ಅಂದ್ಕೊಂಡ್ನಾ?'

"ಕೈ ಕೊಳೆಯಾಗದ ಕೆಲಸ ಕಲಿಯೇ" ಎಂದು ಅಮ್ಮ ಗೋಗರೆದಾಗಲೆಲ್ಲ, "ತೊಳ್ಕೊಂಡ್ರೆ ಹೋಗುತ್ತಮ್ಮ" ಎಂದು ಹಟ ಹಿಡಿದು ಉಳಿಸಿಕೊಂಡ ದಾರಿ ಇದು. ಅದು ಯಾರದೋ ಕರುಣೆಯಿಂದ ಸಿಗಬೇಕೇ?

"ನೀನೂ ಟೂಲ್‌ಮೇಕಿಂಗ್‌ಗೇ ಅರ್ಜಿ ಹಾಕು. ಗೆದ್ದು ತಗೋತೀನಿ."

"ಹಾಕಲ್ಲ ತಾಯಿ."

"ಯಾಕೆ?"

ಅವನು ಮೇಷ್ಟ್ರ ಮೇಜಿನಿಂದ ಅಳತೆಯ ಉಂಗುರ ತಂದ. ಅವತ್ತು ಇಬ್ಬರೂ ಒಂದೇ ಅಳತೆಗೆ ಕಬ್ಬಿಣದ ಪಿನ್ನು ಮಾಡಿದ್ದರು. ಅವಳದನ್ನು ಉಂಗುರದೊಳಗೆ ಇಳಿಸಿದ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು ಕೂತಿತು, ಒಂದಿಷ್ಟೂ ಅಲ್ಲಾಡಲಿಲ್ಲ.

ತನ್ನದನ್ನು ಇಟ್ಟ.

ಟಣ್! ಸಡಿಲವಾಗಿ ಉಂಗುರದೊಳಗಿಂದ ಜಾರಿ ನೆಲಕ್ಕೆ ಬಿತ್ತು.

"ವರ್ಷಪೂರ್ತಿ ಹೀಗೇ. ಬಿಟ್ಟುಕೊಡೋಕೆ ನನ್ನ ಹತ್ರ ಏನಿದೆ ಹೇಳು?"

ಅವಳಿಗೆ ನಗು ಉಕ್ಕಿತು, ತುಟಿ ಕಚ್ಚಿ ತಡೆದಳು. "ಮತ್ತೆ ಲೇಥ್‌ಗೆ ಯಾಕಪ್ಪಾ ಸೇರಿದೆ?"

"ಸೇರೋ ದಿನ ಡ್ರಾಯಿಂಗ್ ಕ್ಯೂನಲ್ಲೇ ನಿಂತಿದ್ದೆ. ಪಕ್ಕದ ಕ್ಯೂನಲ್ಲಿ ಒಬ್ಬಳು ಗುಮಾಸ್ತರ ಜೊತೆ ಜಗಳ ಆಡ್ತಿದ್ಲು. 'ನನ್ನ ಅಳತೆಯ ವರ್ಕ್‌ಶಾಪ್ ಬೂಟು ಇಲ್ಲಾಂದ್ರೆ ತರಿಸಿ ಸಾರ್, ನಾನಂತೂ ವಾಪಸು ಹೋಗಲ್ಲ' ಅಂತ..." ಅವನ ಕಿವಿ ಕೆಂಪಾಯಿತು. "ಕ್ಯೂ ಬದಲಾಯಿಸಿಬಿಟ್ಟೆ."

ನಿಂತ ಮೋಟಾರುಗಳ ನಡುವೆ ಅವಳ ಎದೆಯೊಂದೇ ಓಡುತ್ತಿತ್ತು. 'ಒಂದು ವರ್ಷ... ನನಗೋಸ್ಕರ?'

"ದಡ್ಡ! ಹುಡುಗಿ ನೋಡಿ ಯಾರಾದ್ರೂ ಓದು ಆರಿಸ್ಕೋತಾರಾ?"

"ತಪ್ಪಾಯ್ತು. ಅದಕ್ಕೇ ಓದು ಬದಲಾಯಿಸ್ತಿದ್ದೀನಿ." ಅವನು ತಲೆಯೆತ್ತಿ ನೋಡಿದ. "ಹುಡುಗಿಯನ್ನಲ್ಲ."

ಅವಳು ಅವನ ಅರ್ಜಿ ತೆಗೆದುಕೊಂಡು, ಮುದುರಿದ ಅಂಚನ್ನು ಅಂಗೈಯಿಂದ ಒತ್ತಿ ಸರಿಮಾಡಿ, ತನ್ನ ಅರ್ಜಿಯ ಜೊತೆ ಸೇರಿಸಿದಳು. ಇಬ್ಬರೂ ಕೌಂಟರಿನ ಕಡೆ ನಡೆದರು.

"ಡ್ರಾಯಿಂಗ್ ಕ್ಲಾಸು ಮೇಲಿನ ಮಹಡೀಲಿ," ಎಂದ ಸಣ್ಣ ದನಿಯಲ್ಲಿ. "ಇನ್ನು ಪಕ್ಕದಲ್ಲಿ ಇರಲ್ಲ..."

"ಕ್ಲಾಸು ಮುಗಿದ ಮೇಲೆ ಕೆಳಗೆ ಬಾ. ನೀನು ಬರೆದದ್ದನ್ನ ಮಾಡೋಕೆ ಯಾರಾದ್ರೂ ಬೇಡ್ವಾ? ಅಳತೆ ಮಾತ್ರ ಸರಿಯಾಗಿ ಬರಿ!"

"ನೀನು ಪಕ್ಕದಲ್ಲಿದ್ರೆ ಅಳತೆ ತಪ್ಪುತ್ತೆ."

ಅವಳು ಅವನ ಕಿರುಬೆರಳು ಹಿಡಿದಳು.

"ಹಾಗಾದ್ರೆ ಮೊದಲು ಬರೆದು ಮುಗಿಸು. ಆಮೇಲೆ ಬಂದು ಪಕ್ಕ ಕೂತ್ಕೋ."