ಹೆಸರು ತಿಳಿಯದ ಎರಡನೇ ದನಿ

"ಯಾಕ ನಗಾಕತ್ತೀರಿ?"

ಗಿಟಾರು ಹೆಗಲಿಗೆ ಹಾಕಿಕೊಂಡೇ ಒಳಕೋಣೆಯಿಂದ ಹೊರಬಂದ ಹುಡುಗನ ಮುಖ ಕೆಂಪೇರಿತ್ತು. ಚಂದಮ್ಮ ತುಟಿ ಕಚ್ಚಿ ನಗು ತಡೆದಳು.

ಅದು ಸುರಪುರದ ವಹಾಬನ ಕ್ಯಾಸೆಟ್ ಅಂಗಡಿ. ಕಾಲುವೆಗೆ ನೀರು ಬಿಟ್ಟ ಹೊಸತು. ಕೆಂಭಾವಿಯ ಕಿರಾಣಿ ವ್ಯಾಪಾರಿ ಅಮರಪ್ಪನ ಮಗಳು ಚಂದಮ್ಮ, ಅಂದಿನ ಕಾಲೇಜು ಮುಗಿಸಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಳ್ಳಲು ಬಂದಿದ್ದಳು. ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಕೌದಿ ಹೊಡೆದ ಒಳಕೋಣೆಯಲ್ಲಿ ರೆಕಾರ್ಡಿಂಗ್ ನಡೆದಿತ್ತು.

"ಹಾಡಾಕತ್ತೀರೋ, ಜಗಳಾಡಾಕತ್ತೀರೋ ತಿಳೀಲಿಲ್ರಿ," ಎಂದಳು.

"ನಮಗ ಎರಡೂ ಒಂದ."

ಅವನ ಹೆಸರು ಅಂಬ್ರಪ್ಪ. ಬೋನಾಳದವನು. ಅವನ ತಾಯಿ ಮರಿಲಿಂಗಮ್ಮ ಕಾಲುವೆ ಕೆಲಸದಲ್ಲಿ ಬುಟ್ಟಿಗಟ್ಟಲೆ ಮಣ್ಣು ಹೊತ್ತಿದ್ದಳು. ನೀರು ಮಾತ್ರ ಅವರ ಓಣಿಯವರ ತುಂಡು ಹೊಲಗಳನ್ನು ಬಿಟ್ಟು ಮುಂದೆ ಹರಿದಿತ್ತು. ಆ ತಾಯಿಯ ಮಾತನ್ನೇ ಅವನು ಹಾಡು ಮಾಡಿದ್ದ.

"ಖರೇ ಅವ್ವ ಹಿಂಗ ಚೀರಂಗಿಲ್ಲ," ಎಂದುಬಿಟ್ಟಳು ಚಂದಮ್ಮ. "ದಣದಾಕಿ ಸಣ್ಣ ದನಿಲೇ ಮಾತಾಡ್ತಾಳ."

"ಹಂಗಾದ್ರ ನೀವ ಹಾಡಿ ತೋರಸ್ರಿ."

ಛಲಕ್ಕೆ ಬಿದ್ದು ಹಾಡಿದಳು. ವಹಾಬ ಸದ್ದಿಲ್ಲದೆ ರೆಕಾರ್ಡಿಂಗ್ ಗುಂಡಿ ಒತ್ತಿದ್ದ. ಹಾಡು ಮುಗಿದಾಗ ಅಂಬ್ರಪ್ಪನ ಸಿಟ್ಟು ಎಲ್ಲಿ ಹೋಗಿತ್ತೋ... ತಲೆ ತಗ್ಗಿಸಿ ನಿಂತಿದ್ದ.

ಆ ಬೇಸಿಗೆಯಲ್ಲಿ ಅವರಿಬ್ಬರೂ ಸೇರಿ ಹಾಡಿದ ಹಾಡುಗಳು ವಹಾಬನ ಟೇಪುಗಳಲ್ಲಿ ಒಂದೊಂದಾಗಿ ಕೂಡಿದವು. ಡ್ರಮ್ ಬಾರಿಸುತ್ತಿದ್ದ ದೇವಿಂದ್ರ ಇಬ್ಬರನ್ನೂ ನೋಡಿ ಮುಸಿಮುಸಿ ನಗುತ್ತಿದ್ದ. ಹೈದರಾಬಾದಿಗೆ ಹೋಗಿ ಈ ಹಾಡುಗಳನ್ನು ದೊಡ್ಡ ಕಂಪನಿಗೆ ಕೇಳಿಸುವುದು, ಬಂದು ಮದುವೆಯಾಗುವುದು... ಹೀಗೆಲ್ಲ ಮಾತಾಯಿತು. ಮನೆಯಲ್ಲಿ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವನ ಜಾತಿ ತಿಳಿದರೆ ಅಪ್ಪ ಏನು ಮಾಡಿಯಾನೆಂದು ಚಂದಮ್ಮನಿಗೆ ಗೊತ್ತಿತ್ತು.

ತಿಳಿಯಿತು. ಅಮರಪ್ಪ ಕೂಗಾಡಲಿಲ್ಲ, ಹೊಡೆಯಲಿಲ್ಲ. ಮಗಳ ಕಾಲೇಜು ಬಿಡಿಸಿದ. ಕೆಲವು ದಿನಗಳ ನಂತರ, ಹುಡುಗ ಹೈದರಾಬಾದಿಗೆ ಹೋದನೆಂದೂ ಹುಡುಗಿಯ ದನಿ ತನಗಿನ್ನು ಬೇಕಿಲ್ಲವೆಂದು ಅವನೇ ಹೇಳಿದನೆಂದೂ ತಣ್ಣಗೆ ಹೇಳಿದ.

ಅವಳು ನಂಬಲಿಲ್ಲ. ಒಂದು ಮಾತಾದರೂ ಬಂದೀತೆಂದು ಕಾದಳು. ಬರಲಿಲ್ಲ. ಕೊನೆಗೆ ಅವನ ಮೊದಲ ಕ್ಯಾಸೆಟ್ ಬಿಡುಗಡೆಯಾಯಿತು. ಅವಳ ಸಾಲುಗಳನ್ನು ಬೇರೆ ಯಾರೋ ಹಾಡಿದ್ದರು.

ಆಗ ನಂಬಿದಳು.

ಅಂಬ್ರಪ್ಪ ದೇಶಕ್ಕೆಲ್ಲ ಅಂಬರ್ ಆದ. ಚಂದಮ್ಮನನ್ನು ಯಾದಗಿರಿಯ ಗುಮಾಸ್ತನೊಬ್ಬನಿಗೆ ಕೊಟ್ಟರು. ಹಳೆಯ ಸುದ್ದಿ ಗಂಡನ ಕಿವಿಗೆ ಬಿದ್ದ ಮೇಲೆ, ರೊಟ್ಟಿ ಸೀದರೂ ಆ ಹಾಡುಗಾರನ ಹೆಸರೆತ್ತಿ ಹಂಗಿಸುತ್ತಿದ್ದ. ಮಕ್ಕಳಾಗಲಿಲ್ಲ. ಕೊನೆಗೆ ಕೋರ್ಟಿನಲ್ಲಿ ವಿಚ್ಛೇದನ ಪಡೆದು ತವರಿಗೆ ಬಂದಳು. ಓದು ಮುಗಿಸಿ ಕೆಂಭಾವಿಯಲ್ಲೇ ಶಿಕ್ಷಕಿಯಾದಳು. ಶಾಲೆಯ ಪ್ರಾರ್ಥನೆಯಲ್ಲೂ ಅವಳು ಬಾಯಿ ತೆರೆದದ್ದನ್ನು ಯಾರೂ ಕಾಣಲಿಲ್ಲ.

ನಲವತ್ತು ದಾಟಿದ ಮೇಲೆ ಒಂದು ದಿನ, ಸಹಶಿಕ್ಷಕಿ ಹಬೀಬಾ ಹೊಸ ಸಿ.ಡಿ. ತಂದಳು. ಅಂಬರನ ಸುರಪುರದ ದಿನಗಳ ಹಾಡುಗಳನ್ನೆಲ್ಲ ಒಟ್ಟುಗೂಡಿಸಿ ಕಂಪನಿ ಹೊರತಂದಿತ್ತು. ಮೂಲ ಟೇಪುಗಳನ್ನು ವಹಾಬ ಜೋಪಾನ ಮಾಡಿದ್ದನಂತೆ. ಹಬೀಬಾ ಖುಷಿಯಿಂದ ಅದನ್ನು ಹಾಕಿದಳು.

ಚಂದಮ್ಮ ಹಬೀಬಾಳ ಕೈಯಿಂದ ಸಿ.ಡಿ.ಯ ಹೊದಿಕೆ ತೆಗೆದುಕೊಂಡಳು. ಅದು ತನ್ನದೇ ದನಿ... ಎಳೆಯ, ಯಾರ ಮೇಲೂ ಅನುಮಾನವಿಲ್ಲದ ದನಿ.

ಹೊದಿಕೆ ತಿರುಗಿಸಿದಳು. ದೇವಿಂದ್ರನ ಹೆಸರಿತ್ತು. ವಹಾಬನ ಹೆಸರಿತ್ತು. ಕೆಳಗೆ, 'ಎರಡನೇ ದನಿ: ಹೆಸರು ತಿಳಿಯದು'.

ದನಿ ಅಳಿಸಿದ್ದನ್ನು ಸಹಿಸಿದ್ದಳು. ಇದನ್ನು ಸಹಿಸಲಾಗಲಿಲ್ಲ.

ಭಾನುವಾರ ಅಂಬರ್ ವಹಾಬನ ಅಂಗಡಿಗೆ ಬರುತ್ತಾನೆಂದು ಪೇಪರಿನಲ್ಲಿತ್ತು. ಸುರಪುರಕ್ಕೆ ಹೋದಳು. ಜನ ಕರಗುವವರೆಗೂ ರಸ್ತೆಯಾಚೆ ನಿಂತಿದ್ದು, ಆಮೇಲೆ ಒಳಗೆ ನಡೆದಳು. ಅವಳನ್ನು ನೋಡಿದ ವಹಾಬ ಎದ್ದು ಹೊರಗೆ ಹೋದ.

ಅಂಬ್ರಪ್ಪನ ಗಡ್ಡ ಬೆಳ್ಳಗಾಗಿತ್ತು.

"ನನ್ನ ಹೆಸರು ನಿನಗ ಗೊತ್ತಿಲ್ಲೇನು?"

"ಗೊತ್ತದ, ಚಂದಾ. ಹೇಳಂಗಿಲ್ಲ ಅಂತ ನಿಮ್ಮಪ್ಪಗ ಮಾತು ಕೊಟ್ಟಿದ್ದೆ."

ಆಗ ಎಲ್ಲ ಹೊರಬಿತ್ತು. ಅಮರಪ್ಪ ಬೋನಾಳಕ್ಕೇ ಹೋಗಿದ್ದ. ಮಗಳು ಬೇರೆ ಮದುವೆಗೆ ಮನಸಾರೆ ಒಪ್ಪಿದ್ದಾಳೆ, ಅವಳ ದನಿ ಹೊರಬಂದರೆ ಸಂಸಾರ ಹಾಳಾಗುತ್ತದೆ, ಅವಳ ಹೆಸರು ನಿನ್ನ ಬಾಯಲ್ಲಿ ಎಂದೂ ಬರಕೂಡದು ಎಂದು ಆಣೆ ಮಾಡಿಸಿದ್ದ. ಈಗ ವಹಾಬನ ಒತ್ತಾಯಕ್ಕೆ ದನಿ ಹೊರಬಿಟ್ಟರೂ ಹೆಸರನ್ನು ಅಂಬ್ರಪ್ಪ ತಡೆಹಿಡಿದಿದ್ದ.

ಚಂದಮ್ಮ ಗೋಡೆಗೆ ಆತುಕೊಂಡಳು. ಎಷ್ಟು ವರ್ಷ ಇವನನ್ನು ಶಪಿಸಿದೆ... ಆದರೂ ಒಳಗಿನ ಕಹಿ ಇಳಿಯಲಿಲ್ಲ.

"ಅಪ್ಪನ ಮಾತು ಕೇಳಿದಿ. ನನ್ನ ಯಾಕ ಕೇಳಲಿಲ್ಲ?"

"ನಮ್ಮ ಓಣಿ ಹುಡುಗ ನಿಮ್ಮನಿ ಬಾಗಿಲಿಗೆ ಬಂದು ಕೇಳೂದು ಆಗ ಅಷ್ಟು ಹಗೂರಿತ್ತೇನು?"

ಇರಲಿಲ್ಲ. ಅವಳಿಗೆ ಗೊತ್ತಿತ್ತು.

"ಆಮ್ಯಾಲೆ? ದೊಡ್ಡಾವ ಆದಮ್ಯಾಲೆ?"

ಅಂಬ್ರಪ್ಪ ಕೈಯಲ್ಲಿದ್ದ ಸಿ.ಡಿ. ಕೆಳಗಿಟ್ಟ. "ನೀ ಸುಖದಾಗ ಇದ್ದಿ ಅಂತ ತಿಳಕೊಂಡೆ. ಹಂಗ ತಿಳಕೊಂಡ್ರ ನನಗ ಬದುಕೂದು ಸಲೀಸಾಗ್ತಿತ್ತು. ಇನ್ನೊಬ್ಬಾಕಿನ್ನ ಲಗ್ನಾಗಿ ಬಾಳೂದು ಮಾತ್ರ ಆಗಲಿಲ್ಲ. ತಪ್ಪು ನಂದ ಅದ."

ಅವಳು ಅಳಲಿಲ್ಲ. ತನ್ನ ಸಂಸಾರ ಮುರಿದು ತವರಿಗೆ ಬಂದದ್ದನ್ನು ಎರಡೇ ಮಾತಿನಲ್ಲಿ ಹೇಳಿದಳು. ಮರುದಿನ ಮನೆಗೆ ಬರಬೇಕೆಂದೂ ಅಪ್ಪನ ಮುಂದೆ ಕುಳಿತು ತನ್ನ ಹೆಸರು ಹೇಳಬೇಕೆಂದೂ ಹೇಳಿ ಬಸ್ಸು ಹತ್ತಿದಳು.

ಅಂಬ್ರಪ್ಪ ಬಂದ. ಎಂದೂ ದಾಟದ ಹೊಸ್ತಿಲು ದಾಟಿ ಒಳಗೆ ಕುಳಿತ. ಹಾಸಿಗೆ ಹಿಡಿದಿದ್ದ ಅಮರಪ್ಪ ಅವನನ್ನು ಗುರುತಿಸಿದ.

"ನನ್ನ ಜೊತಿ ಹಾಡಿದಾಕಿ ನಿಮ್ಮ ಮಗಳು ಚಂದಮ್ಮ. ಇನ್ನ ಮ್ಯಾಲೆ ಎಲ್ಲಾರ ಮುಂದೂ ಹೇಳ್ತೀನ್ರಿ."

"ಆಕಿ ಸಂಸಾರ ನಡೀಲಿ ಅಂತ ಹಂಗ ಮಾಡ್ದೆ," ಎಂದ ಮುದುಕ.

"ನಡೀಲಿಲ್ಲಲ್ಲ, ಅಪ್ಪಾ," ಎಂದಳು ಚಂದಮ್ಮ.

ಅಮರಪ್ಪ ಗೋಡೆಯ ಕಡೆ ಮಗ್ಗಲು ಬದಲಿಸಿದ. ತಪ್ಪಾಯಿತೆಂಬ ಒಂದು ಮಾತಿಗೆ ಅವಳು ಕಾದಳು. ಅದು ಬರುವುದಿಲ್ಲವೆಂದು ತಿಳಿದ ಮೇಲೆ ಅಂಗಳಕ್ಕೆ ನಡೆದಳು. ಅಂಬ್ರಪ್ಪ ಹಿಂದೆಯೇ ಬಂದ.

"ಚಂದಾ, ಉಳಿದಷ್ಟು ದಿನ ನನ್ನ ಕೂಡ ಇರ್ತೀಯೇನು?"

"ನನ್ನ ಸಿಟ್ಟು ಹೋಗಿಲ್ಲ. ಹೋಗ್ತದೋ ಇಲ್ಲೋ ಗೊತ್ತಿಲ್ಲ."

"ಸಿಟ್ಟು ಇಟಗೊಂಡ ಬಾ."

ಅವಳು ಈ ಎರಡು ದಿನಗಳಲ್ಲಿ ಮೊದಲ ಬಾರಿಗೆ ಅವನ ಮುಖವನ್ನು ನೆಟ್ಟಗೆ ನೋಡಿದಳು. ಕಣ್ಣುಗಳು ತುಂಬಿ ಬಂದವು.

"ದಿನಾ ಬೈತೀನಿ ನೋಡು, ಅಂಬ್ರಾ."

"ಬೈ," ಎಂದ ಅವನು, ಅವಳ ಕೈ ಹಿಡಿದು. "ನಿನ್ನ ದನಿ ಕೇಳಿದ್ರ ಸಾಕು."